ಪೆದ್ರೊ ಅರೂಪೆ ಮತ್ತು ಯೇಸುಸಭೆಯ ಹೊಸ ದಾರಿ

ಪೆದ್ರೊ ಅರೂಪೆ (1907–1991) ಜೆಸ್ವಿಟರೆಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘವಾದ ಯೇಸುಸಭೆಯ 28ನೆಯ ಸುಪೀರಿಯರ್ ಜನರಲ್, ಅಂದರೆ ಪರಮ ಮುಖ್ಯಸ್ಥ. ಇಗ್ನೇಷಿಯಸ್ ಲೊಯೋಲಾ ಕಟ್ಟಿದ ಈ ಸಂಘಕ್ಕೆ 1540ರಲ್ಲಿ ಪೋಪ್ ಮೂರನೆಯ ಪೌಲರ ಮನ್ನಣೆ ದೊರೆಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಎಲ್ಲ ಸದಸ್ಯರೂ ತೊಡುತ್ತಾರೆ. ಧರ್ಮಕಾರ್ಯಕ್ಕಾಗಿ ಪೋಪ್ ಎಲ್ಲಿಗೆ ಕಳಿಸಿದರೂ ಹೋಗುವೆನೆಂಬ ನಾಲ್ಕನೆಯ ವ್ರತವನ್ನು ಅವರಲ್ಲಿ ಒಂದು ವರ್ಗದ ಗುರುಗಳು ಮಾತ್ರ ಸ್ವೀಕರಿಸುತ್ತಾರೆ. ಜನರಲ್ ಆಗಿ ಆಯ್ಕೆಯಾದವರು ಜೀವಮಾನವಿಡೀ ಆ ಸ್ಥಾನದಲ್ಲಿರುವುದು ಆಗಿನ ರೂಢಿ. ಆಜ್ಞೆ ಮತ್ತು ವಿಧೇಯತೆಯ ಮೇಲೆ ನಿಂತ ಇಂಥ ಸಂಘವನ್ನು ಅರೂಪೆ ಮಾತುಕತೆ, ಸಮಾಲೋಚನೆ, ವಿಶ್ವಾಸಗಳಿಂದ ಹೊಸ ದಾರಿಗೆ ತಂದರು. ಕೊನೆಗೆ ಅದೇ ವಿಧೇಯತೆಯ ಅತಿ ಕಠಿಣ ಪರೀಕ್ಷೆ ಅವರಿಗೇ ಎದುರಾಯಿತು.

ಅರೂಪೆ ಹುಟ್ಟಿದ್ದು 1907ರ ನವೆಂಬರ್ 14ರಂದು, ಸ್ಪೇನಿನ ಬಾಸ್ಕ್ ಸೀಮೆಯ ಬಿಲ್ಬಾವೊ ಪಟ್ಟಣದಲ್ಲಿ. ತಂದೆ ವಾಸ್ತುಶಿಲ್ಪಿ. ಮ್ಯಾಡ್ರಿಡ್‌ನಲ್ಲಿ ಅರೂಪೆ ವೈದ್ಯಕೀಯ ಓದುತ್ತಿದ್ದಾಗ ತಂದೆ ತೀರಿಕೊಂಡರು. ಆ ಬಳಿಕ ಫ್ರಾನ್ಸಿನ ಲೂರ್ದ್ ಯಾತ್ರಾಸ್ಥಳದಲ್ಲಿ ಕಳೆದ ದಿನಗಳು ಅವರ ಮನಸ್ಸನ್ನು ತಿರುಗಿಸಿದವು. ಓದನ್ನು ಅರ್ಧಕ್ಕೆ ಬಿಟ್ಟು 1927ರ ಜನವರಿಯಲ್ಲಿ ಯೇಸುಸಭೆ ಸೇರಿದರು. 1932ರಲ್ಲಿ ಸ್ಪೇನಿನ ಗಣರಾಜ್ಯ ಸರ್ಕಾರ ಯೇಸುಸಭೆಯನ್ನು ವಿಸರ್ಜಿಸಿ ಅದರ ಆಸ್ತಿಯನ್ನು ವಶಪಡಿಸಿಕೊಂಡಾಗ ಯುವ ಜೆಸ್ವಿಟರು ದೇಶ ಬಿಡಬೇಕಾಯಿತು. ಅರೂಪೆಯವರ ಮುಂದಿನ ವ್ಯಾಸಂಗ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕಗಳಲ್ಲಿ ನಡೆಯಿತು. 1936ರಲ್ಲಿ ಬೆಲ್ಜಿಯಂನ ಮಾರ್ನೆಫ್‌ನಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಜಪಾನಿಗೆ ಹೋಗಬೇಕೆಂಬುದು ಅವರ ಬಹುದಿನದ ಕೋರಿಕೆ. ಅದು ಈಡೇರಿದ್ದು 1938ರಲ್ಲಿ. ಭಾಷೆ ಕಲಿತ ಮೇಲೆ ಯಾಮಾಗುಚಿಯ ಚರ್ಚಿನ ಹೊಣೆ ಸಿಕ್ಕಿತು. 16ನೆಯ ಶತಮಾನದಲ್ಲಿ ಜೆಸ್ವಿಟ್ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬೋಧಿಸಿದ್ದ ಊರು ಅದು. 1941ರ ಡಿಸೆಂಬರ್‌ನಲ್ಲಿ ಜಪಾನ್ ಅಮೆರಿಕದ ವಿರುದ್ಧ ಯುದ್ಧಕ್ಕಿಳಿದ ಬೆನ್ನಲ್ಲೇ ಗೂಢಚಾರನೆಂಬ ಶಂಕೆಯಿಂದ ಪೊಲೀಸರು ಅವರನ್ನು ಬಂಧಿಸಿದರು. ಒಂದು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು ಬಿಡುಗಡೆಯಾದರು. 1942ರಲ್ಲಿ ಹಿರೋಷಿಮಾದ ಅಂಚಿನ ನಾಗಾತ್ಸುಕಾದಲ್ಲಿದ್ದ ಗುರುಮಠದಲ್ಲಿ, ಸಂಘಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವ ಗುರುವಾದರು.

1945ರ ಆಗಸ್ಟ್ 6ರ ಬೆಳಿಗ್ಗೆ ಅಣುಬಾಂಬ್ ಬಿದ್ದಾಗ ನಗರದ ನಡುವಿನಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿದ್ದ ಆ ಮಠದ ಕಿಟಕಿ ಬಾಗಿಲು ಒಡೆದವೇ ಹೊರತು ಕಟ್ಟಡ ಕುಸಿಯಲಿಲ್ಲ. ಸುಟ್ಟ ಮೈಯ ಜನ ನಗರದಿಂದ ಹೊರಗೆ ಬರತೊಡಗಿದರು. ಅರೂಪೆ ಮಠವನ್ನೇ ಆಸ್ಪತ್ರೆ ಮಾಡಿದರು. ಪ್ರಾರ್ಥನಾಲಯದಲ್ಲೂ ಗಾಯಾಳುಗಳನ್ನು ಮಲಗಿಸಲಾಯಿತು. ನೂರೈವತ್ತಕ್ಕೂ ಹೆಚ್ಚು ಮಂದಿಗೆ ಅಲ್ಲಿ ಆಶ್ರಯ ಸಿಕ್ಕಿತು. ಔಷಧವೆಂದರೆ ಮುಖ್ಯವಾಗಿ ಒಂದು ಚೀಲ ಬೋರಿಕ್ ಆಸಿಡ್ ಪುಡಿ. ಅದರ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಗಾಯ ತೊಳೆದು, ಕೀವು ಹೊರಹಾಕಿ, ಮತ್ತೆ ಕಟ್ಟು ಹಾಕುತ್ತಿದ್ದರು. ರೋಗಿಗಳ ಶಕ್ತಿ ಕುಂದದಂತೆ ಸುತ್ತಲಿನ ಹಳ್ಳಿಗಳಿಂದ ಆಹಾರ ಹೊಂದಿಸಿದರು. ಹೊರಗೆ ಗಾಯವೇ ಇಲ್ಲದವರು ದಿನಗಳ ಬಳಿಕ ಸಾಯುತ್ತಿದ್ದರು. ವಿಕಿರಣದ ಈ ಪರಿಣಾಮ ಆಗ ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಈ ಅನುಭವವನ್ನು ಅವರು ಮುಂದೆ ಹಲವು ದೇಶಗಳಲ್ಲಿ ಉಪನ್ಯಾಸಗಳ ಮೂಲಕ ತಿಳಿಸಿ ಜಪಾನಿನ ಸೇವಾಕಾರ್ಯಕ್ಕೆ ಹಣ ಕೂಡಿಸಿದರು. 1958ರಲ್ಲಿ ಯೇಸುಸಭೆಯ ಜಪಾನ್ ಪ್ರಾಂತದ ಮುಖ್ಯಸ್ಥರಾದರು. ಅನೇಕ ದೇಶಗಳ ಜೆಸ್ವಿಟರು ಒಟ್ಟಿಗೆ ದುಡಿಯುತ್ತಿದ್ದ ಈ ಪ್ರಾಂತ, ಯುರೋಪಿನ ಕಣ್ಣಿನಿಂದಷ್ಟೇ ಜಗತ್ತನ್ನು ನೋಡದಿರುವುದನ್ನು ಅವರಿಗೆ ಕಲಿಸಿತು.

1965ರ ಮೇ 22ರಂದು, ಯೇಸುಸಭೆಯ 31ನೆಯ ಮಹಾಸಭೆ ಅರೂಪೆಯವರನ್ನು ಜನರಲ್ ಆಗಿ ಆರಿಸಿತು. ಇಗ್ನೇಷಿಯಸರ ನಂತರ ಆ ಸ್ಥಾನಕ್ಕೆ ಬಂದ ಎರಡನೆಯ ಬಾಸ್ಕ್ ಅವರು. ಆಗ ಸಂಘದಲ್ಲಿ ಸುಮಾರು 36 ಸಾವಿರ ಸದಸ್ಯರಿದ್ದರು. ಇಡೀ ಕ್ಯಾಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಕೊನೆಯ ಹಂತದಲ್ಲಿತ್ತು. ಪ್ರತಿ ಸನ್ಯಾಸಿ ಸಂಘವೂ ತನ್ನ ಮೂಲಕ್ಕೆ ಮರಳಿ, ಕಾಲಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳಬೇಕೆಂದು ಅದು ಸೂಚಿಸಿತು. ಅರೂಪೆ ಈ ಸೂಚನೆಯನ್ನು ಅಕ್ಷರಶಃ ಪಾಲಿಸಿದರು. ದೇಶದೇಶಗಳಿಗೆ ಹೋಗಿ ಸದಸ್ಯರ ಮಾತು ಕೇಳಿದರು. ಸ್ಥಳೀಯ ಸಂಸ್ಕೃತಿಯೊಳಗೆ ಕ್ರೈಸ್ತ ಧರ್ಮ ಬೇರೂರಬೇಕೆಂದು 1978ರಲ್ಲಿ ಇಡೀ ಸಂಘಕ್ಕೆ ಪತ್ರ ಬರೆದರು. ಕಿರಿಯರಿಗೂ ದೊಡ್ಡ ಹೊಣೆ ಒಪ್ಪಿಸಿದರು: 1973ರಲ್ಲಿ ಅವರು ಅರ್ಜೆಂಟೀನಾ ಪ್ರಾಂತದ ಮುಖ್ಯಸ್ಥರಾಗಿ ನೇಮಿಸಿದ 36 ವರ್ಷದ ಹೋರ್ಹೆ ಬೆರ್ಗೋಲ್ಯೊ 2013ರಲ್ಲಿ ಪೋಪ್ ಫ್ರಾನ್ಸಿಸ್ ಆದರು.

ಅದೇ 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಸೇರಿದ್ದ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ, ಪರರಿಗಾಗಿ ಬಾಳುವ ಮನುಷ್ಯರನ್ನು ರೂಪಿಸುವುದೇ ತಮ್ಮ ಶಿಕ್ಷಣದ ಗುರಿಯಾಗಬೇಕೆಂದರು. ನ್ಯಾಯದ ಪಾಠವನ್ನು ತಾವು ಸರಿಯಾಗಿ ಕಲಿಸಿಲ್ಲವೆಂದೂ ಒಪ್ಪಿಕೊಂಡರು. ಸಿರಿವಂತ ಮನೆತನಗಳಿಂದ ಬಂದಿದ್ದ ಹಲವರು ಮುನಿಸಿಕೊಂಡರು. ಆದರೆ ಆ ಮಾತೇ ಮುಂದೆ ಜೆಸ್ವಿಟ್ ಶಿಕ್ಷಣದ ಧ್ಯೇಯವಾಯಿತು. ಮಂಗಳೂರಿನ ಸಂತ ಅಲೋಶಿಯಸ್, ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆಗಳೂ ಇದೇ ಪರಂಪರೆಗೆ ಸೇರಿದವು.

1974ರ ಡಿಸೆಂಬರ್‌ನಿಂದ 1975ರ ಮಾರ್ಚ್‌ವರೆಗೆ ನಡೆದ 32ನೆಯ ಮಹಾಸಭೆ ಈ ವಿಚಾರವನ್ನು ಸಂಘದ ನಿರ್ಣಯವಾಗಿಸಿತು. ಅದರ ನಾಲ್ಕನೆಯ ಆದೇಶದ ಪ್ರಕಾರ ಯೇಸುಸಭೆಯ ಧ್ಯೇಯ ವಿಶ್ವಾಸದ ಸೇವೆ, ಮತ್ತು ನ್ಯಾಯಕ್ಕಾಗಿ ದುಡಿಯುವುದು ಆ ಸೇವೆಯ ಬಿಡಲಾಗದ ಅಂಗ. ಅದೇ ಸಭೆಯಲ್ಲಿ ನಾಲ್ಕನೆಯ ವ್ರತವನ್ನು ಎಲ್ಲ ಸದಸ್ಯರಿಗೂ ತೆರೆಯುವ ಪ್ರಸ್ತಾಪ ಬಂದಾಗ ಪೋಪ್ ಆರನೆಯ ಪೌಲರು ತಡೆದರು. ಪೋಪರ ಅಸಮಾಧಾನಕ್ಕೆ ಅರೂಪೆ ತಲೆಬಾಗಿದರು, ಆದರೆ ನ್ಯಾಯದ ನಿರ್ಣಯ ಉಳಿಯಿತು.

ಅದರ ಬೆಲೆ ಬೇಗ ತಿಳಿಯಿತು. ಎಲ್ ಸಾಲ್ವದೋರ್‌ನಲ್ಲಿ ಬಡ ರೈತರ ಪರ ನಿಂತಿದ್ದ ಜೆಸ್ವಿಟ್ ರುತಿಲಿಯೊ ಗ್ರಾಂದೆ ಅವರನ್ನು 1977ರ ಮಾರ್ಚ್ 12ರಂದು ಗುಂಡಿಕ್ಕಿ ಕೊಲ್ಲಲಾಯಿತು. ಕೆಲವೇ ತಿಂಗಳಲ್ಲಿ ಬಲಪಂಥೀಯ ಗುಂಪೊಂದು ಜೆಸ್ವಿಟರೆಲ್ಲ ದೇಶ ಬಿಡದಿದ್ದರೆ ಕೊಲ್ಲುವುದಾಗಿ ಗಡುವು ಕೊಟ್ಟಿತು. ಜನರನ್ನು ಬಿಟ್ಟು ಬರಬೇಕಿಲ್ಲವೆಂಬುದು ಅರೂಪೆಯವರ ನಿಲುವು. ಅವರ ಗುರುಗಳು ಅಲ್ಲೇ ಉಳಿದರು. ಸಂಘದೊಳಗೂ ಟೀಕೆ ಇತ್ತು: ಪ್ರಾರ್ಥನೆ, ಶಿಸ್ತುಗಳಿಗಿಂತ ರಾಜಕೀಯ ಮುಂದಾಗಿದೆ ಎಂದು ಹಲವರು ದೂರಿದರು. ಇಡೀ ಧರ್ಮಸಭೆಯಲ್ಲಿ ಸನ್ಯಾಸ ತೊರೆಯುವವರು ಹೆಚ್ಚಿದ್ದ ಆ ಕಾಲದಲ್ಲಿ ಯೇಸುಸಭೆಯ ಸದಸ್ಯರ ಸಂಖ್ಯೆಯೂ 1980ರ ದಶಕದ ಆರಂಭಕ್ಕೆ ಸುಮಾರು 26 ಸಾವಿರಕ್ಕೆ ಇಳಿಯಿತು.

ವಿಯೆಟ್ನಾಂನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಬರುತ್ತಿದ್ದವರ ಪಾಡು ಕಂಡು ಅರೂಪೆ 1979ರ ಕೊನೆಯಲ್ಲಿ ಪ್ರಾಂತಗಳ ಮುಖ್ಯಸ್ಥರಿಗೆ ತಂತಿ ಕಳಿಸಿ ನೆರವು ಕೇಳಿದರು. ಇದರ ಫಲವಾಗಿ 1980ರ ನವೆಂಬರ್ 14ರಂದು ಜೆಸ್ವಿಟ್ ನಿರಾಶ್ರಿತರ ಸೇವಾಸಂಸ್ಥೆ ಹುಟ್ಟಿತು. ತಮಿಳುನಾಡಿನ ಶಿಬಿರಗಳಲ್ಲಿದ್ದ ಶ್ರೀಲಂಕಾ ತಮಿಳರ ನಡುವೆಯೂ ಅದು ಮುಂದೆ ಕೆಲಸ ಮಾಡಿತು.

1980ರಲ್ಲಿ ಅರೂಪೆ ವಯಸ್ಸಿನ ಕಾರಣಕ್ಕೆ ಹುದ್ದೆ ಬಿಡಲು ಬಯಸಿದಾಗ ಪೋಪ್ ಎರಡನೆಯ ಜಾನ್ ಪೌಲರು ತಡೆದರು. 1981ರ ಆಗಸ್ಟ್ 7ರಂದು, ಥಾಯ್ಲೆಂಡಿನಿಂದ ಮರಳಿ ರೋಮ್‌ನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಲೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಸ್ವಾಧೀನ ತಪ್ಪಿತು, ಮಾತು ಕುಂದಿತು. ಸಂಘದ ನಿಯಮದಂತೆ ತಮ್ಮ ಸಹಾಯಕ ವಿನ್ಸೆಂಟ್ ಒಕೀಫ್ ಅವರಿಗೆ ಆಡಳಿತ ವಹಿಸಿದರು. ಆದರೆ ಅಕ್ಟೋಬರ್‌ನಲ್ಲಿ ಪೋಪ್ ಆ ಏರ್ಪಾಟನ್ನು ಬದಿಗಿಟ್ಟು, ಸುಮಾರು 80 ವರ್ಷದ ಜೆಸ್ವಿಟ್ ಪಾವೊಲೊ ದೆಜ್ಜಾ ಅವರನ್ನು ತಮ್ಮ ಪ್ರತಿನಿಧಿಯಾಗಿ ನೇಮಿಸಿದರು. ಜರ್ಮನಿಯ ಕಾರ್ಲ್ ರಾನರ್ ಮತ್ತಿತರ ಜೆಸ್ವಿಟರು ಪತ್ರ ಬರೆದು ಆಕ್ಷೇಪಿಸಿದರು. ಅರೂಪೆ ಪ್ರತಿಭಟಿಸಲಿಲ್ಲ, ಸಂಘವೂ ಬಂಡೇಳಲಿಲ್ಲ. ಈ ಸಂಯಮವೇ ಸಂಘದ ಬಗ್ಗೆ ಪೋಪರಿಗಿದ್ದ ಸಂಶಯವನ್ನು ತಗ್ಗಿಸಿತೆಂದು ಹೇಳಬಹುದು. ಎರಡು ವರ್ಷದೊಳಗೆ ಮಹಾಸಭೆ ಕರೆಯಲು ಅನುಮತಿ ದೊರೆಯಿತು.

1983ರ ಸೆಪ್ಟೆಂಬರ್ 3ರಂದು 33ನೆಯ ಮಹಾಸಭೆ ಅರೂಪೆಯವರ ರಾಜೀನಾಮೆಯನ್ನು ಅಂಗೀಕರಿಸಿತು. ಯೇಸುಸಭೆಯ ಇತಿಹಾಸದಲ್ಲಿ ರಾಜೀನಾಮೆ ಕೊಟ್ಟ ಮೊದಲ ಜನರಲ್ ಅವರೇ. ಅವರ ಬೀಳ್ಕೊಡುಗೆಯ ಸಂದೇಶವನ್ನು ಬೇರೆಯವರು ಓದಬೇಕಾಯಿತು. ಉತ್ತರಾಧಿಕಾರಿಯಾದ ಪೀಟರ್ ಹಾನ್ಸ್ ಕೋಲ್ವೆನ್‌ಬಾಖ್ ಕಾಲದಲ್ಲಿ ವ್ಯಾಟಿಕನ್ ಜೊತೆಗಿನ ಸಂಬಂಧ ಸುಧಾರಿಸಿತು, ವಿಶ್ವಾಸ ಮತ್ತು ನ್ಯಾಯವನ್ನು ಬೆಸೆದ ನಿರ್ಣಯ ಮಾತ್ರ ಬದಲಾಗಲಿಲ್ಲ. ಅರೂಪೆ 1991ರ ಫೆಬ್ರವರಿ 5ರಂದು ರೋಮ್‌ನಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿನ ಜೆಸು ಚರ್ಚಿನಲ್ಲಿದೆ. ಅವರಿಗೆ ಸಂತಪದವಿ ನೀಡುವ ಕುರಿತ ವಿಚಾರಣೆ 2019ರಲ್ಲಿ ರೋಮ್ ಧರ್ಮಪ್ರಾಂತದಲ್ಲಿ ವಿಧಿವತ್ತಾಗಿ ಆರಂಭವಾಯಿತು.