ಹಚ್ಚಿದ ಗಿಡ, ಹತ್ತಿದ ಗಿಡ: ಮಚ್ಛೆಯ ಒಂದು ಹಿತ್ತಲಿನಿಂದ

(ಪಾಡ್‌ಕ್ಯಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಮಾತು ಶುರುವಾಗೋದು ನಮ್ಮ ಮನೆಯ ಒಂದು ಜಗಳದಿಂದ.

ನಮ್ಮ ಮನೆ ಇರೋದು ಮಚ್ಛೆಯಲ್ಲಿ. ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ, ಪೀರನವಾಡಿ ದಾಟಿದ ಮೇಲೆ ಸಿಗುತ್ತೆ. ಎಂಜಿನಿಯರಿಂಗ್ ಓದಿದವರಿಗೆ ಈ ಊರಿನ ಹೆಸರು ಗೊತ್ತಿರುತ್ತೆ. 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನಮ್ಮೆಲ್ಲರ ವಿಟಿಯು, ಇರೋದು ಇಲ್ಲೇ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ಹಳ್ಳಿ ಆಗಿದ್ದ ಊರು ಈಗ ಪಟ್ಟಣ ಪಂಚಾಯಿತಿ. ಇದರ ಅರ್ಥ ಸರಳ: ಜಾಗಕ್ಕೆ ರೇಟು ಬಂದಿದೆ, ಬಾಡಿಗೆ ಕೋಣೆಗೆ ಬೇಡಿಕೆ ಇದೆ.

ನಮ್ಮ ಹಿತ್ತಲಲ್ಲಿ ಒಂದು ಮಾವು, ಒಂದು ಪೇರಲ, ಒಂದು ಕರಿಬೇವು ಇದ್ದವು. ಅಣ್ಣ ಒಂದು ದಿನ ಟೇಪು ಹಿಡಿದು ಅಳತೆ ಮಾಡಿದ. ಮಾವು, ಪೇರಲ ಎರಡನ್ನೂ ತೆಗೆದರೆ ನಾಲ್ಕು ಕೋಣೆ ಆಗುತ್ತೆ ಅಂದ. ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ಆ ಮಾವಿನ ಗಿಡಾ ನಿಮ್ಮಪ್ಪ ಹಚ್ಚ್ಯಾರ. ನೀ ಹುಟ್ಟಿದ ಮಳಿಗಾಲದಾಗ ಹಚ್ಚ್ಯಾರ. ಅದನ್ನ ಕಡಿಯೂದಿದ್ರ ನನ್ನ ಮೊದಲ ಊರಿಗೆ ಕಳಸು."

1992ರ ಮಳೆಗಾಲ ಅದು. ಅಪ್ಪ ಈಗಿಲ್ಲ. ಗಿಡ ಇದೆ. ಗಿಡಕ್ಕೂ ಅಣ್ಣನಿಗೂ ಒಂದೇ ವಯಸ್ಸು.

ಜಗಳ ಹೇಗೆ ಮುಗೀತು ಅಂತ ಕೊನೆಗೆ ಹೇಳ್ತೀನಿ. ನನ್ನ ತಲೆಯಲ್ಲಿ ಉಳಿದದ್ದು ಅವ್ವನ ಒಂದು ಪದ: ಹಚ್ಚ್ಯಾರ.

ಒಂದು ಕ್ರಿಯಾಪದ

ಬೆಂಗಳೂರು, ಮೈಸೂರು ಕಡೆಯವರು ಗಿಡ ನೆಡ್ತಾರೆ. ನಾವು ಬೆಳಗಾವಿ, ಧಾರವಾಡ ಕಡೆಯವರು ಗಿಡ ಹಚ್ತೀವಿ. ದೀಪಾನೂ ಹಚ್ತೀವಿ, ಗೋಡೆಗೆ ಸುಣ್ಣಾನೂ ಹಚ್ತೀವಿ, ಹುಡುಗರನ್ನ ಸಾಲಿಗೂ ಹಚ್ತೀವಿ. ಇನ್ನೊಂದು ವಿಷಯ: ನಮಗೆ ನಲವತ್ತು ಅಡಿ ಬೆಳೆದ ಮಾವೂ 'ಗಿಡ'ವೇ. ಮರ ಅನ್ನೋದು ಪುಸ್ತಕದ ಮಾತು.

ನಮ್ಮ ಪಕ್ಕದ ಮನೆಯ ಮಾವಶಿ ಮರಾಠಿಯವರು. ಅವರು 'ಝಾಡ ಲಾವ' ಅಂತಾರೆ. ಸಂಜೆ ದೇವರ ಮುಂದೆ ದೀಪ ಹಚ್ಚುವಾಗಲೂ ಅದೇ ಪದ, 'ದಿವಾ ಲಾವ'. ಗಡಿ, ಬೋರ್ಡು, ಭಾಷೆ ಅಂತ ಇಷ್ಟು ಜಗಳ ಕಂಡಿರೋ ಜಿಲ್ಲೆಯಲ್ಲಿ, ಗಿಡಕ್ಕೂ ದೀಪಕ್ಕೂ ಒಂದೇ ಪದ ಬಳಸೋದರಲ್ಲಿ ಎರಡೂ ಮನೆ ಒಂದೇ.

ಹಚ್ಚೋದಕ್ಕೆ ಒಂದು ಜೋಡಿ ಪದ ಇದೆ: ಹತ್ತೋದು. ನಾವು ದೀಪ ಹಚ್ತೀವಿ, ದೀಪ ಹತ್ತುತ್ತೆ. ನಾವು ಅಗಿ ಹಚ್ತೀವಿ, ಅಗಿ ಹತ್ತುತ್ತೆ. ಹೊಸ ಚಿಗುರು ಕಂಡ ದಿನ ರೈತರು "ಹತ್ತೇತಿ" ಅಂತಾರೆ. ಹಚ್ಚೋದು ನಮ್ಮ ಕೆಲಸ, ಹತ್ತೋದು ಗಿಡದ ಕೆಲಸ. ನಮ್ಮ ನೆಲದಲ್ಲಿ ಗಿಡ ಹಚ್ಚಿದ ಇತಿಹಾಸವನ್ನ ಈ ಎರಡು ಪದ ಇಟ್ಟುಕೊಂಡು ನೋಡೋಣ ಬನ್ನಿ. ಯಾರು ಹಚ್ಚಿದರು, ಏನು ಹತ್ತಿತು?

ಹಿತ್ತಲಿಗೆ ಬಂದ ನೆಂಟರು

ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ವೇಣು ಅಂದ್ರೆ ಬಿದಿರು. ಸವದತ್ತಿಯ ರಟ್ಟರು ಇದನ್ನ ರಾಜಧಾನಿ ಮಾಡಿಕೊಂಡಿದ್ದರು. ಕೋಟೆಯೊಳಗಿನ ಕಮಲ ಬಸದಿಯನ್ನ 1204ರಲ್ಲಿ ಕಟ್ಟಿಸಿದವನು ರಟ್ಟರ ಮಂತ್ರಿ ಬೀಚಿರಾಜ. ಬಿದಿರನ್ನ ಯಾರೂ ಹಚ್ಚಬೇಕಿರಲಿಲ್ಲ, ಅದು ಇಲ್ಲಿಯದೇ. ಖಾನಾಪುರದ ಕಾಡಿಗೆ ಹೋದರೆ ಈಗಲೂ ಸಿಗುತ್ತೆ.

ಆದರೆ ನಮ್ಮ ಹಿತ್ತಲ ಪೇರಲ ಇಲ್ಲಿಯದಲ್ಲ. ಪಪ್ಪಾಯಿ, ಸೀತಾಫಲ, ಗೇರು ಕೂಡ ಅಲ್ಲ. ಇವೆಲ್ಲ ಅಮೆರಿಕ ಖಂಡದ ಗಿಡಗಳು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅವರ ಹಡಗುಗಳಲ್ಲಿ ಒಂದೊಂದಾಗಿ ಈ ತೀರಕ್ಕೆ ಬಂದವು. ಗೇರಿನ ತವರು ಬ್ರೆಜಿಲ್. ನಾವು ಅನ್ನೋ 'ಕಾಜು' ಪೋರ್ಚುಗೀಸ್ ಪದ, ಅವರದನ್ನ ಬ್ರೆಜಿಲ್‌ನ ಮೂಲನಿವಾಸಿಗಳ ಮಾತಿನಿಂದ ತಗೊಂಡರು. ಪಪ್ಪಾಯಿಗೆ ಹಳೆ ಮೈಸೂರಿನ ಕಡೆ ಪರಂಗಿ ಹಣ್ಣು ಅಂತಾರೆ. ಪರಂಗಿ ಅಂದ್ರೆ ಫಿರಂಗಿಯವನು, ಪರದೇಶಿ. ಎಲ್ಲಿಂದ ಬಂತು ಅನ್ನೋದು ಹೆಸರಿನಲ್ಲೇ ಇದೆ.

ಮಾವು ಮಾತ್ರ ನಮ್ಮದೇ. ಆದ್ರೆ ಅಪ್ಪ ಹಚ್ಚಿದ್ದು ಆಪೂಸು. ಆಪೂಸು ಅಂದ್ರೆ ಅಲ್ಫಾನ್ಸೊ. ಗೋವಾ ಗೆದ್ದ ಅಫಾನ್ಸೊ ಡಿ ಅಲ್ಬುಕರ್ಕ್‌ನ ಹೆಸರು ಅದು. ವಾಟೆಯಿಂದ ಬೆಳೆಸಿದ ಮಾವು ತಾಯಿಯಂತೆಯೇ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಪ್ರತಿ ಗಿಡಕ್ಕೂ ಬೇರೆ ರುಚಿ. ಗೋವಾದ ಪಾದ್ರಿಗಳು ಕಸಿ ಕಟ್ಟೋ ಕೆಲಸ ಬೆಳೆಸಿದರು. ಒಳ್ಳೆ ಗಿಡದ ಟೊಂಗೆಯನ್ನ ಇನ್ನೊಂದರ ಬೇರಿಗೆ ಕೂಡಿಸಿ, ಅದೇ ರುಚಿಯನ್ನ ಮತ್ತೆ ಮತ್ತೆ ಪಡೆಯೋದು. ಕಸಿ ಗಿಡಕ್ಕೆ ನಮ್ಮ ಕಡೆ 'ಕಲಮಿ' ಅಂತಾರೆ.

ಅಂದ್ರೆ ನಮ್ಮ ಮೂರು ಗುಂಟೆ ಜಾಗದಲ್ಲಿ ಅಮೆರಿಕ, ಗೋವಾ, ಸಹ್ಯಾದ್ರಿ ಎಲ್ಲ ಒಟ್ಟಿಗೆ ನಿಂತಿದ್ದವು. ಇವನ್ನ ಹಿತ್ತಲಿಗೆ ಹಚ್ಚಿ ಅಂತ ಯಾವ ರಾಜನೂ ಆಜ್ಞೆ ಮಾಡಿರಲಿಲ್ಲ. ಒಬ್ಬರ ಮನೆಯಲ್ಲಿ ಹಣ್ಣು ತಿಂದವರು ಬೀಜ ಕೇಳಿ ತಂದರು, ಬಚ್ಚಲ ನೀರು ಹರಿಯೋ ಕಡೆ ಹಾಕಿದರು. ನೀರಿತ್ತು, ನೋಡೋರಿದ್ದರು, ಹತ್ತಿತು.

ಸರ್ಕಾರ ಹಚ್ಚಿದ ಗಿಡ

1950ರ ಜುಲೈ. ಕೇಂದ್ರದ ಆಹಾರ ಮತ್ತು ಕೃಷಿ ಸಚಿವ ಕೆ.ಎಂ. ಮುನ್ಶಿ ವನಮಹೋತ್ಸವ ಶುರು ಮಾಡಿದರು. ಆಗ ಮಚ್ಛೆ ಇದ್ದದ್ದು ಬಾಂಬೆ ರಾಜ್ಯದಲ್ಲಿ. ಬೆಳಗಾವಿ ನಮ್ಮ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮುನ್ಶಿಯವರ ಯೋಚನೆ ಒಳ್ಳೆಯದೇ: ಹಬ್ಬದ ಹಾಗೆ ಗಿಡ ಹಚ್ಚೋದು. ಆದರೆ ಹಬ್ಬದ ಒಂದು ತೊಂದರೆ ಗೊತ್ತಲ್ಲ, ಅದು ಮುಗಿಯುತ್ತೆ. ಸಾಲಿಯಲ್ಲಿ ನಾವೆಲ್ಲ ವನಮಹೋತ್ಸವಕ್ಕೆ ಸಾಲಾಗಿ ನಿಂತಿದ್ದೀವಿ. ಮುಂದಿನ ವರ್ಷ ಅದೇ ತಗ್ಗಿನಲ್ಲಿ ಮತ್ತೆ ಹಚ್ಚಿದ್ದೂ ಹಲವರಿಗೆ ನೆನಪಿರಬೇಕು.

1980ರ ದಶಕಕ್ಕೆ ಬರೋಣ. ಆಗ ಸಾಮಾಜಿಕ ಅರಣ್ಯದ ಹೆಸರಲ್ಲಿ ರಾಜ್ಯದ ತುಂಬ ನೀಲಗಿರಿ. ದನ ತಿನ್ನಲ್ಲ, ಬೇಗ ಬೆಳೆಯುತ್ತೆ, ಕಾರ್ಖಾನೆಗೆ ಬೇಕು. ಆದರೆ ಊರವರಿಗೆ ಹಣ್ಣಿಲ್ಲ, ಮೇವಿಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಭಾಗದ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು.

ಮುಂದಿನ ಕಥೆ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಒದಗಿಸೋಕೆ ಸರ್ಕಾರವೂ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಹುಟ್ಟಿತು. ಅದಕ್ಕೆ ಗುತ್ತಿಗೆ ಕೊಡಲು ಹೊರಟದ್ದು ಸುಮಾರು 75,000 ಎಕರೆ. ಅದರಲ್ಲಿ ಹಳ್ಳಿಗಳ ದನ ಮೇಯೋ, ಸೌದೆ ಆರಿಸೋ ಜಾಗಗಳೂ ಸೇರಿದ್ದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದಕ್ಕೆ ಎದುರು ನಿಂತಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ಸುಮಾರು ನೂರು ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು.

ಆ ಚಳವಳಿಯ ಹೆಸರೇನು ಗೊತ್ತಾ? 'ಕಿತ್ತಿಕೋ ಹಚ್ಚಿಕೋ'.

ನಮ್ಮವ್ವನ ಪದವೇ ಅದು. ಪ್ರತಿಭಟನೆ ಅಂದ್ರೆ ಕೀಳೋದು ಮಾತ್ರ ಅಂತ ನಾವು ಅಂದ್ಕೊಂಡಿರ್ತೀವಿ. ಇಲ್ಲಿ ಪ್ರತಿಭಟನೆಯ ಅರ್ಧ ಭಾಗ ಗಿಡ ಹಚ್ಚೋದು. ಯಾವ ಗಿಡ, ಯಾರ ನೆಲದಲ್ಲಿ, ಯಾರಿಗೋಸ್ಕರ ಅನ್ನೋದನ್ನ ಅಲ್ಲಿ ಬದುಕೋರು ತೀರ್ಮಾನಿಸಬೇಕು ಅನ್ನೋದು ಅವರ ವಾದ. 1991ರಲ್ಲಿ ಸರ್ಕಾರ ಆ ಕಂಪನಿಯನ್ನ ಮುಚ್ಚೋ ತೀರ್ಮಾನಕ್ಕೆ ಬಂತು.

ಸರ್ಕಾರವೂ ನಿಧಾನವಾಗಿ ಪಾಠ ಕಲಿತಿದೆ ಅನ್ನಬೇಕು. 2011–12ರಲ್ಲಿ ಅರಣ್ಯ ಇಲಾಖೆ ಶುರು ಮಾಡಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತ ತನ್ನ ಜಮೀನಿನಲ್ಲಿ ಸಸಿ ಹಚ್ಚಿದ ಮಾತ್ರಕ್ಕೆ ದುಡ್ಡು ಬರಲ್ಲ. ಮೂರು ವರ್ಷ, ವರ್ಷ ವರ್ಷ ಬದುಕುಳಿದ ಸಸಿ ಎಣಿಸಿ ಕೊಡ್ತಾರೆ. ಹಚ್ಚಿದ್ದಕ್ಕಲ್ಲ, ಹತ್ತಿದ್ದಕ್ಕೆ.

ರಸ್ತೆಯ ನೆರಳು ಹೋಯಿತು

ಈಗ ಮತ್ತೆ ನಮ್ಮೂರಿಗೆ. ಬೆಳಗಾವಿಯಿಂದ ಖಾನಾಪುರ ದಾಟಿ ಗೋವಾಕ್ಕೆ ಹೋಗೋ ಹೆದ್ದಾರಿ ಅಗಲ ಮಾಡೋಕೆ ಸಾವಿರಾರು ಮರ ಕಡಿದರು. ವಿಷಯ ಹೈಕೋರ್ಟಿಗೂ ಹೋಯಿತು. ನಾನು ಚಿಕ್ಕವನಿದ್ದಾಗ ಆ ರಸ್ತೆಯಲ್ಲಿ ಸೈಕಲ್ ತುಳಿದರೆ ತಲೆ ಮೇಲೆ ಕೊಡೆ ಹಿಡಿದ ಹಾಗೆ ಇರುತ್ತಿತ್ತು. ಈಗ ಬಸ್ಸಿಗೆ ಕಾಯೋರು ಕರೆಂಟ್ ಕಂಬದ ಒಂದು ಗೇಣು ನೆರಳಲ್ಲಿ ಸಾಲಾಗಿ ನಿಂತಿರ್ತಾರೆ. ಹಲಗಾ–ಮಚ್ಛೆ ಬೈಪಾಸಿಗೆ ಹೊಲ ಕೊಡಲ್ಲ ಅಂತ ರೈತರು ವರ್ಷಗಟ್ಟಲೆ ಹೋರಾಡಿದ್ದನ್ನೂ ನೀವು ಸುದ್ದಿಯಲ್ಲಿ ಕೇಳಿರ್ತೀರಿ.

ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ನಾನೂ ಅದೇ ರಸ್ತೆಯಲ್ಲಿ ಓಡಾಡೋನು. ಆದರೆ ರಸ್ತೆ ಬದಿಯ ಮರಕ್ಕೆ "ಅದನ್ನ ನಮ್ಮಪ್ಪ ಹಚ್ಚ್ಯಾರ" ಅಂತ ಅಡ್ಡ ನಿಲ್ಲೋ ಅವ್ವ ಇರಲಿಲ್ಲ. ಸಾಲುಮರದ ತಿಮ್ಮಕ್ಕನವರ ವಿಷಯ ಬೇರೆ ಆಗಿದ್ದು ಇಲ್ಲೇ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಅವರು, ಅವರ ಗಂಡ ಚಿಕ್ಕಯ್ಯ ಆಲದ ಸಸಿ ಹಚ್ಚಿ, ಮುಳ್ಳಿನ ಬೇಲಿ ಕಟ್ಟಿ, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ಮಕ್ಕಳಿಲ್ಲದ ಆ ದಂಪತಿಗೆ ಆ ರಸ್ತೆಯೇ ಅಂಗಳ. 385 ಮರ ಅನ್ನೋ ಲೆಕ್ಕ ನಮಗೆಲ್ಲ ಬಾಯಿಪಾಠ ಆಗಿದೆ. ಹೊತ್ತ ಕೊಡಗಳ ಲೆಕ್ಕ ಯಾರೂ ಇಟ್ಟಿಲ್ಲ.

ನನ್ನ ಆರು ಸಸಿ

ಈಗ ನನ್ನ ತಪ್ಪು ಒಪ್ಪಿಕೊಳ್ತೀನಿ. ಕೆಲವು ವರ್ಷದ ಹಿಂದೆ ಜೂನ್ 5ಕ್ಕೆ, ಪರಿಸರ ದಿನ ಅಂತ, ಆರು ಸಸಿ ತಂದೆ. ಅವತ್ತೇ ತಗ್ಗು ತೋಡಿದೆ, ಅವತ್ತೇ ಹಚ್ಚಿದೆ, ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ದೀಪಾವಳಿ ಹೊತ್ತಿಗೆ ಒಂದೂ ಇರಲಿಲ್ಲ. ಎರಡು ಜುಲೈ ಮಳೆಯಲ್ಲಿ ನೀರು ನಿಂತು ಕೊಳೆತವು. ಒಂದನ್ನ ಆಡು ತಿಂತು. ಒಂದಕ್ಕೆ ಗೆದ್ದಲು. ಇನ್ನೆರಡರ ಪ್ಲಾಸ್ಟಿಕ್ ಚೀಲವನ್ನೇ ನಾನು ಬಿಚ್ಚಿರಲಿಲ್ಲ. ಒಣಗಿದ ಮೇಲೆ ಕಿತ್ತು ನೋಡಿದರೆ ಬೇರು ಚೀಲದೊಳಗೇ ಸುತ್ತು ಹಾಕ್ಕೊಂಡಿತ್ತು.

ಅಪ್ಪ ಹೇಗೆ ಹಚ್ಚಿದ್ದರು ಅಂತ ಆಗ ಅವ್ವನನ್ನ ಕೂರಿಸಿ ಕೇಳಿದೆ. ಅವಳು ಹೇಳಿದ್ದು ಇಷ್ಟು. ತಗ್ಗನ್ನ ಬೇಸಿಗೆಯಲ್ಲೇ ತೋಡಬೇಕು, ಎರಡು ಅಡಿ ಅಗಲ, ಎರಡು ಅಡಿ ಆಳ. ಬಿಸಿಲಿಗೆ ಬಿಡಬೇಕು. ಮೇಲಿನ ಮಣ್ಣು ಬೇರೆ, ಕೆಳಗಿನ ಮಣ್ಣು ಬೇರೆ ಗುಡ್ಡೆ ಹಾಕಬೇಕು. ತುಂಬುವಾಗ ಮೇಲಿನ ಮಣ್ಣಿಗೆ ಕೊಳೆತ ಸಗಣಿ ಗೊಬ್ಬರ ಕಲಸಿ ಮೊದಲು ಹಾಕಬೇಕು. ಗೆದ್ದಲಿದ್ದರೆ ಬೇವಿನ ಹಿಂಡಿ. ಮಿರಗದ ಮಳೆ ಬಿದ್ದು ನೆಲ ತಂಪಾದ ಮೇಲೆ, ಸಂಜೆ ಹೊತ್ತು ಹಚ್ಚಬೇಕು. ಚೀಲ ಕತ್ತರಿಸಬೇಕು, ಆದ್ರೆ ಬೇರಿನ ಮಣ್ಣಿನ ಹೆಂಟೆ ಒಡೀಬಾರದು. ಕಲಮಿ ಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಆ ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಬೇಕು, ಇಲ್ಲದಿದ್ದರೆ ಅದೇ ಬೆಳೆದು ಕಸಿ ಸಾಯುತ್ತೆ. ಗಾಳಿಗೆ ಒಂದು ಕೋಲಿನ ಆಸರೆ. ನಮ್ಮ ಕಡೆ ಮಳೆ ಜೋರು, ಅದಕ್ಕೇ ಬುಡ ಸ್ವಲ್ಪ ಏರಾಗಿರಬೇಕು. ಮನೆ ಗೋಡೆಯಿಂದ ದೂರ ಇರಬೇಕು.

"ಇಷ್ಟಾದ ಮ್ಯಾಲೂ ಎರಡ ಬ್ಯಾಸಗಿ ನೀರ ಹಾಕ್ಯಾರ ನಿಮ್ಮಪ್ಪ," ಅಂದಳು ಅವ್ವ. "ಪಾಳಿಯಿಂದ ಬಂದು, ಅಂಗಿ ಬಿಚ್ಚೂಕಿನ ಮೊದಲ ಒಂದ ಕೊಡಾ."

1992ರಲ್ಲಿ ಅಪ್ಪ ಹಚ್ಚಿದ್ದು ಒಂದೇ ಗಿಡ. ನಾನು ಹಚ್ಚಿದ್ದು ಆರು.

ಜಗಳ ಹೀಗೆ ಮುಗೀತು

ನಾಲ್ಕರ ಬದಲು ಎರಡೇ ಕೋಣೆ ಕಟ್ಟಿದೆವು. ಪೇರಲ ಹೋಯಿತು. ನಾನೂ ಒಪ್ಪಿದ್ದೆ, ಸುಳ್ಳು ಹೇಳಲ್ಲ. ಬಾಡಿಗೆಯಿಂದ ಮನೆ ಸಾಲದ ಕಂತು ಕಟ್ತೀವಿ. ಮಾವು ಉಳೀತು. ಅಂದಹಾಗೆ ಒಂದು ಮಾತು ತಿಳಿದಿರಲಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ವಿನಾಯಿತಿ ಪಟ್ಟಿಯಲ್ಲಿ ಇಲ್ಲದ ಮರವನ್ನ ಪಟ್ಟಣದಲ್ಲಿ ಕಡೀಬೇಕಂದ್ರೆ, ಅದು ನಿಮ್ಮದೇ ಅಂಗಳದಲ್ಲಿದ್ದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನಮ್ಮ ಮನೆಯ ವೃಕ್ಷಾಧಿಕಾರಿ ಅವ್ವ.

ಈಗ ಆ ಎರಡು ಕೋಣೆಗಳಲ್ಲಿ ಇರೋ ಹುಡುಗರು ಏಪ್ರಿಲ್ ಮಧ್ಯಾಹ್ನ ಫ್ಯಾನು ಬಿಟ್ಟು ಮಾವಿನ ಕೆಳಗೆ ಬಂದು ಓದ್ತಾರೆ. ಅವರಿಗೆ ಖುರ್ಚಿ ತಂದು ಹಾಕಿದವನು ಅಣ್ಣ.

ಈ ವರ್ಷ ನಾನು ಹಚ್ಚೋದು ಒಂದೇ ಸಸಿ. ಪೇರಲ. ಕಾಂಪೌಂಡಿನ ಮೂಲೆಯಲ್ಲಿ ತಗ್ಗು ಆಗಲೇ ತೋಡಿದ್ದೀನಿ, ಬಿಸಿಲಿಗೆ ಬಿಟ್ಟಿದ್ದೀನಿ. ಫೋಟೊ ಮಾತ್ರ ಮುಂದಿನ ವರ್ಷ ಹಾಕ್ತೀನಿ, ಹತ್ತಿದ ಮೇಲೆ.

ನಿಮಗೊಂದು ಕೆಲಸ. ಇವತ್ತು ಮನೆಯಲ್ಲಿ ಹಿರಿಯರನ್ನ ಕೇಳಿ: ನಮ್ಮ ಅಂಗಳದ ಅತಿ ಹಳೆಯ ಗಿಡ ಯಾವುದು, ಯಾರು ಹಚ್ಚಿದ್ದು, ಯಾವ ವರ್ಷ? ಉತ್ತರವನ್ನ ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ. ಕಳಿಸದಿದ್ದರೂ ಪರವಾಗಿಲ್ಲ, ಎಲ್ಲಾದರೂ ಬರೆದಿಡಿ. ರಾಜರ ವಿಷಯ ಶಾಸನದಲ್ಲಿ ಸಿಗುತ್ತೆ. ನಿಮ್ಮ ಹಿತ್ತಲಿನ ವಿಷಯ ಸಿಗೋದು ಅವರೊಬ್ಬರ ನೆನಪಲ್ಲಿ ಮಾತ್ರ.