ಲಂಡನ್ನಿನ ಐದು ಮನೆಗಳು, ಒಬ್ಬ ಜಪಾನೀ ಮೇಷ್ಟ್ರು

ಅಕ್ಕನ ಮಗಳು ಜರ್ಮನ್ ಕಲಿಯೋಕೆ ಹೊರಟಿದ್ದಾಳೆ. ಹಾಸ್ಟೆಲ್ ಬೇಡ, ಅಲ್ಲಿಯವರ ಮನೆಯಲ್ಲೇ ಉಳಿದುಕೊಂಡರೆ ಭಾಷೆ ತಾನಾಗೇ ಬರುತ್ತೆ ಅಂತ ಯಾರೋ ಹೇಳಿದ್ದಾರಂತೆ. "ಹೌದಾ ಮಾಮ?" ಅಂತ ಕೇಳಿದಳು. ನನಗೆ ತಟ್ಟನೆ ನೆನಪಾದವನು ನಾತ್ಸುಮೆ ಸೊಸೆಕಿ.

ಜಪಾನಿನ ಬಹು ದೊಡ್ಡ ಕಾದಂಬರಿಕಾರ ಈತ. 1984ರಲ್ಲಿ ಬಂದ ಸಾವಿರ ಯೆನ್ ನೋಟಿನ ಮೇಲಿದ್ದ ಮೀಸೆಯ ಮನುಷ್ಯ ಇವನೇ. ಆದರೆ 1900ರಲ್ಲಿ ಇನ್ನೂ ಒಂದು ಕಾದಂಬರಿಯನ್ನೂ ಬರೆದಿರಲಿಲ್ಲ. ಕುಮಾಮೊತೊ ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ವಯಸ್ಸು 33. ಎರಡು ವರ್ಷ ಇಂಗ್ಲೆಂಡಿಗೆ ಹೋಗಿ ಇಂಗ್ಲಿಷ್ ಕಲಿತು ಬಾ ಅಂತ ಸರ್ಕಾರದ ಆದೇಶ ಬಂತು. ಕೊಟ್ಟದ್ದು ವರ್ಷಕ್ಕೆ 1800 ಯೆನ್. ಬಸುರಿ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟು ಹಡಗು ಹತ್ತಿ, ಅಕ್ಟೋಬರ್ 28ಕ್ಕೆ ಲಂಡನ್ ಮುಟ್ಟಿದ.

ಮೊದಲು ಕೇಂಬ್ರಿಡ್ಜ್ ನೋಡಿಕೊಂಡು ಬಂದ. ಅಲ್ಲಿನ ಖರ್ಚು ತನ್ನ ಕೈಗೆಟುಕುವುದಲ್ಲ ಅಂತ ಗೊತ್ತಾಯಿತು. ಯೂನಿವರ್ಸಿಟಿ ಕಾಲೇಜಿನ ಪಾಠಗಳಿಗೂ ಸ್ವಲ್ಪ ದಿನ ಹೋಗಿ ಬಿಟ್ಟುಬಿಟ್ಟ. ಆಮೇಲೆ ಕ್ರೇಗ್ ಎಂಬ ಶೇಕ್ಸ್‌ಪಿಯರ್ ಪಂಡಿತನ ಹತ್ತಿರ ಮನೆಪಾಠ. ಮಿಕ್ಕ ಹೊತ್ತೆಲ್ಲ ಪುಸ್ತಕ, ಮತ್ತು ಉಳಿದುಕೊಂಡ ಮನೆಯವರು. ಕೋಣೆ ಕೊಟ್ಟು, ಊಟವನ್ನೂ ಹಾಕುತ್ತಿದ್ದ ಬೋರ್ಡಿಂಗ್ ಮನೆಗಳು ಅವು. ಎರಡು ವರ್ಷದಲ್ಲಿ ಐದು ಮನೆಗಳಲ್ಲಿದ್ದ.

ಅವುಗಳಲ್ಲಿ ನನಗೆ ಇಷ್ಟವಾದದ್ದು ಮೂರನೆಯದು, ಕ್ಯಾಂಬರ್‌ವೆಲ್‌ನದ್ದು. ಹಿಂದೆ ಹುಡುಗಿಯರ ಶಾಲೆ ನಡೆಸಿ ಕೈಸುಟ್ಟುಕೊಂಡಿದ್ದ ಅಕ್ಕತಂಗಿ, ಅವರಲ್ಲೊಬ್ಬಳ ಗಂಡ ಬ್ರೆಟ್, ಒಬ್ಬ ಕೆಲಸದ ಹುಡುಗಿ. ಷೇಕ್ಸ್‌ಪಿಯರ್ ಅರೆದು ಕುಡಿದವನನ್ನು ಈ ಮನೆಯವರು ಹುಲ್ಲು ಅನ್ನೋ ಪದ ಗೊತ್ತಾ, ಸುರಂಗ ಅನ್ನೋ ಪದ ಗೊತ್ತಾ ಅಂತ ಕೇಳುತ್ತಿದ್ದರಂತೆ! ಕೆಲಸದ ಹುಡುಗಿಯದ್ದು ಬೇರೆಯೇ ಕಥೆ. ಅವಳ ಕಾಕ್ನಿ ಮಾತು ಹರಿಯೋಕೆ ಶುರುವಾದರೆ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. 'ಐ ಬೆಗ್ ಯುವರ್ ಪಾರ್ಡನ್' ಅನ್ನೋದು ಅವಳ ಬಾಯಲ್ಲಿ 'ಬೆಜ್ ಪಾರ್ಡನ್' ಆಗುತ್ತಿತ್ತು. ಅದೇ ಅವಳಿಗೆ ಅಡ್ಡಹೆಸರೂ ಆಯ್ತು.

1901ರ ಫೆಬ್ರವರಿ 2, ವಿಕ್ಟೋರಿಯಾ ರಾಣಿಯ ಶವಯಾತ್ರೆ. ಬ್ರೆಟ್ ಇವನನ್ನು ಹೈಡ್ ಪಾರ್ಕಿಗೆ ಕರೆದುಕೊಂಡು ಹೋದ. ಜನವೋ ಜನ. ಕುಳ್ಳ ಸೊಸೆಕಿಗೆ ಏನೂ ಕಾಣದು. ಆಗ ಬ್ರೆಟ್ ಅವನನ್ನೆತ್ತಿ ಹೆಗಲ ಮೇಲೆ ಕೂರಿಸಿಕೊಂಡ, ಜಾತ್ರೆಯಲ್ಲಿ ಮಕ್ಕಳಿಗೆ ತೇರು ತೋರಿಸುವ ಹಾಗೆ. ಮೆರವಣಿಗೆಯವರ ಎದೆಯಿಂದ ಮೇಲಷ್ಟು ಕಂಡಿತು ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾನೆ. ಇನ್ನೊಂದು ವಾರಕ್ಕೆ 34 ತುಂಬುವ ಮೇಷ್ಟ್ರು!

ಆ ಮನೆಯವರ ವ್ಯಾಪಾರ ಕುಸಿದು, ಏಪ್ರಿಲ್‌ನಲ್ಲಿ ಟೂಟಿಂಗ್ ಎಂಬಲ್ಲಿಗೆ ಮನೆ ಬದಲಿಸಿದರು. ಸೊಸೆಕಿಯೂ ಅವರ ಹಿಂದೆಯೇ ಹೋದ. ಜಾಗ ಹಿಡಿಸಲಿಲ್ಲ. ಆದರೆ ಮೇ ತಿಂಗಳಲ್ಲಿ ಅಲ್ಲಿಗೆ ಜರ್ಮನಿಯಿಂದ ಇಕೆದಾ ಕಿಕುನಾಯೆ ಎಂಬ ಜಪಾನೀ ರಸಾಯನ ವಿಜ್ಞಾನಿ ಬಂದು ಜೊತೆಯಲ್ಲೇ ಉಳಿದ. (1908ರಲ್ಲಿ ಗ್ಲುಟಮೇಟ್‌ನ ರುಚಿ ಕಂಡುಹಿಡಿದವನು. ನಮ್ಮ ಬೀದಿಯ ಗೋಬಿ ಮಂಚೂರಿಗೆ ಬೀಳುವ ಅಜಿನೊಮೊಟೊ ಇವನ ಕೃಪೆ.) ಸಾಹಿತ್ಯವನ್ನು ವಿಜ್ಞಾನದ ಹಾಗೆ ಬುಡದಿಂದ ನೋಡಬೇಕು ಎಂಬ ಹಟ ಸೊಸೆಕಿಗೆ ಬಂದದ್ದು ಈ ಮಾತುಕತೆಗಳಿಂದ. ಇಂಗ್ಲಿಷ್ ಕಲಿಯಲು ಬಂದವನಿಗೆ ಇಂಗ್ಲಿಷರ ಮನೆಯಲ್ಲಿ ಸಿಕ್ಕ ಅತ್ಯುತ್ತಮ ಮಾತುಕತೆ ನಡೆದದ್ದು ಜಪಾನೀ ಭಾಷೆಯಲ್ಲಿ!

ಜುಲೈನಲ್ಲಿ ಕ್ಲಾಫಂನ ಲೀಲ್ ಸೋದರಿಯರ ಮನೆ ಸೇರಿದ. ಕೊನೆಯವರೆಗೂ ಅಲ್ಲೇ. ಬಾಗಿಲು ಹಾಕಿಕೊಂಡು ಓದಿ ಓದಿ ನರದೌರ್ಬಲ್ಯ ಹಿಡಿಯಿತು. ನಾತ್ಸುಮೆಗೆ ಹುಚ್ಚು ಅನ್ನೋ ಸುದ್ದಿ ಟೋಕಿಯೋವರೆಗೂ ಹೋಯಿತು. ಮನೆಯೊಡತಿ ಸೈಕಲ್ ಕಲಿ, ಸರಿಹೋಗ್ತೀಯ ಅಂದಳು. ಕಲಿತ. ದೊಡ್ಡ ಬೀಳು ಐದು ಸಲ, ಸಣ್ಣವಕ್ಕೆ ಲೆಕ್ಕವಿಲ್ಲ ಅಂತ ತಾನೇ ಆಮೇಲೆ ಬರೆದು ನಗಿಸಿದ್ದಾನೆ. ಆದರೆ ಆ ಎರಡು ವರ್ಷಗಳನ್ನು ಬದುಕಿನಲ್ಲೇ ಅತ್ಯಂತ ಅಹಿತಕರ ಕಾಲ ಅಂತಲೂ 1907ರಲ್ಲಿ ಹೇಳಿದ.

ನನ್ನ ಮಟ್ಟಿಗೆ ಆ ಮನೆಗಳು ಅವನಿಗೆ ಕಲಿಸಿದ್ದು ಇಂಗ್ಲಿಷ್ ಅಲ್ಲ. 1901ರ ಏಪ್ರಿಲ್‌ನಲ್ಲಿ ಕ್ಯಾಂಬರ್‌ವೆಲ್ ಮತ್ತು ಟೂಟಿಂಗ್ ಮನೆಗಳ ಬಗ್ಗೆ ಗೆಳೆಯ ಶಿಕಿಗೆ ಉದ್ದುದ್ದ ಕಾಗದ ಬರೆದ. ಹೈಕು ಕವಿ ಮಸಓಕಾ ಶಿಕಿ ಆಗ ಕ್ಷಯ ಬೆನ್ನುಮೂಳೆಗೆ ಇಳಿದು ಹಾಸಿಗೆ ಹಿಡಿದಿದ್ದ. ಎದುರು ಕೂತವನ ಜೊತೆ ಹರಟಿದ ಹಾಗಿರುವ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಬರಹ ಅದು. 1905ರ 'ನಾನೊಂದು ಬೆಕ್ಕು' ಕಾದಂಬರಿಯ ದನಿ ನನಗೆ ಅಲ್ಲೇ ಕೇಳಿಸುತ್ತದೆ. ಹೊರದೇಶದ ಬಾಡಿಗೆ ಕೋಣೆಯಲ್ಲಿ ಕೂತೇ ಕನ್ನಡ ಬರೆಯಲು ಶುರುಮಾಡಿದವರು ನಮ್ಮಲ್ಲೂ ಇದ್ದೀರಲ್ಲ, ನಿಮಗಿದು ಬೇಗ ಅರ್ಥವಾದೀತು.

ಶಿಕಿಗೆ ಆ ಕಾಗದಗಳು ಎಷ್ಟು ಹಿಡಿಸಿದವೆಂದರೆ, ನವೆಂಬರ್‌ನಲ್ಲಿ ನೋವಿನ ನಡುವೆಯೇ ಬರೆದ: ನಾನು ಕಣ್ಣು ಮುಚ್ಚುವುದರೊಳಗೆ ಅಂಥದ್ದೇ ಇನ್ನೊಂದು ಬರೆಯುತ್ತೀಯಾ ಅಂತ. ಅವನು ಸತ್ತದ್ದು 1902ರ ಸೆಪ್ಟೆಂಬರ್ 19ರಂದು. ಸುದ್ದಿ ಕ್ಲಾಫಂ ತಲುಪಿದ್ದು ನವೆಂಬರ್‌ನಲ್ಲಿ, ಸೊಸೆಕಿ ಊರಿಗೆ ಹೊರಡುವ ಹೊತ್ತಿಗೆ. ಅವನು ಕೇಳಿದ್ದನ್ನು ಬರೆದುಕೊಡಲಿಲ್ಲ, ಕಾಯುತ್ತಲೇ ಹೋಗಿಬಿಟ್ಟ ಅಂತ ನಾಲ್ಕು ವರ್ಷದ ಮೇಲೆ 'ಬೆಕ್ಕಿ'ನ ಎರಡನೇ ಸಂಪುಟದ ಮುನ್ನುಡಿಯಲ್ಲಿ ಮರುಗಿದ್ದಾನೆ.

ಭಾಷೆ ಬರುತ್ತೋ ಇಲ್ಲವೋ ಅಂತ ಅವಳಿಗೆ ಏನೂ ಹೇಳಲಿಲ್ಲ. ಆ ಮನೆಯವರ ಬಗ್ಗೆ ನಂಗೆ ಕಾಗದ ಬರಿ, ಕನ್ನಡದಲ್ಲೇ, ಉದ್ದಕ್ಕೆ ಅಂದೆ. "ಫೋನ್ ಮಾಡ್ತೀನಲ್ಲ ಮಾಮ" ಅಂದಳು.