ಆಢ್ಯವಾತ ಮತ್ತು ಅಂಬಾಸಡರ್

ನಮ್ಮ ಆಯುರ್ವೇದದ ಆಚಾರ್ಯರು ‘ವಾತರಕ್ತ’ಕ್ಕೆ ‘ಆಢ್ಯವಾತ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ, ಆಢ್ಯರೆಂದರೆ ಸಿರಿವಂತರು. ಯುರೋಪಿನಲ್ಲಿಯೂ ಗೌಟ್ ರಾಜರ ಕಾಯಿಲೆಯೆಂದೇ ಪ್ರಸಿದ್ಧವಾಗಿತ್ತು. ಪಿಂಚಣಿಯ ಮೇಷ್ಟ್ರಾದ ನನಗೂ ಅದು ಒಲಿದಿದೆಯೆಂದರೆ, ಈಗ ಅದಕ್ಕೆ ಸಿರಿಯ ಹಂಗಿಲ್ಲವೆಂದಾಯಿತು!

1848ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರೊಡ್, ಈ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿಕೊಟ್ಟನು. ಅದರ ಹರಳುಗಳು ಕೀಲಿನಲ್ಲಿ, ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಕೂಡಿಕೊಳ್ಳುತ್ತವೆ. ಉರಿ ಎದ್ದ ರಾತ್ರಿ ಹೊದಿಕೆಯ ಭಾರವೂ ಅಸಹನೀಯ. 1960ರ ದಶಕದಲ್ಲಿ ಬಂದ ಅಲೊಪ್ಯೂರಿನಾಲ್ ಮಾತ್ರೆ ಆ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸಿತು.

ಅದೇ ಕಾಲದಲ್ಲಿ ನಮ್ಮ ರಸ್ತೆಗಳನ್ನು ಆಳುತ್ತಿದ್ದುದು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಈ ಭಾರತೀಯ ರೂಪ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಕಾರ್ಬ್ಯುರೇಟರ್ ಬಿಚ್ಚಿ ಊದುವುದು, ಪ್ಲಗ್ಗಿನ ಮಸಿ ಉಜ್ಜುವುದು, ಪಾಯಿಂಟ್ ಸರಿಪಡಿಸುವುದು, ಇವೆಲ್ಲ ಸಣ್ಣ ಊರಿನ ಮೆಕ್ಯಾನಿಕ್ಕನಿಗೂ ಕರತಲಾಮಲಕವಾಗಿದ್ದವು. ಇಂದಿನ ಎಂಜಿನ್ನನ್ನು ನಡೆಸುವುದು ಕಂಪ್ಯೂಟರ್. ಕೆಟ್ಟರೆ ಆ ಭಾಗವನ್ನೇ ಬದಲಿಸುತ್ತಾರೆ.

ಆದರೆ ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಹಿತವಲ್ಲ. ಆ ಕಾರಿನ ಗಟ್ಟಿ ಕ್ಲಚ್ಚನ್ನು ಬಾತ ಎಡಗಾಲಿನಿಂದ ಒತ್ತುವುದು ನನ್ನಿಂದಾಗದು. ಗೇರ್ ತಾನೇ ಬದಲಾಗುವ ಮಗನ ಹೊಸ ಕಾರಿನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಹಳೆಯ ಕಾರು ಕಲಿಸಿದ ಪಾಠ ಬೇರೆ: ಕೆಡುವ ಮೊದಲೇ ಆರೈಕೆ ಮಾಡಬೇಕು. ನೋವಿಲ್ಲದ ದಿನವೂ ಮಾತ್ರೆ ನುಂಗುವುದು, ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅದಕ್ಕಾಗಿಯೇ. ಹೆಬ್ಬೆರಳ ಕೀಲಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲವಷ್ಟೆ.